ನಮ್ಮ ಬೆಕ್ಕಿನ ಉಪವಾಸ

ಪಕ್ಕದ ಮನೆಯ ಕಮಲಮ್ಮ ಮೊನ್ನೆ ಬೆಳಗ್ಗೆ ತಲೆ ಬಾಚುತ್ತಿದ್ದವಳು ಬಾಚಣಿಗೆಯನ್ನು ಕೂದಲಿಗೆ ಸಿಕ್ಕಿಸಿಕೊಂಡು ಹಾಗೇ ಓಡಿಬಂದಳು.

“ಗಂಗಮ್ಮಾರೆ, ನಮ್ ಬೆಕ್ಕು ಕಕ್ಕೈತೆ. ಬೇಗ ಬರ್ರಿ!”

ನಾನು ಅಕ್ಕಿ ಆರಿಸುತ್ತಿದ್ದೆ. ಕೈ ನಿಲ್ಲಿಸದೆ ಕೇಳಿದೆ: “ಏನು ಕಕ್ಕೈತೆ?”

“ಥೂ, ಅದನ್ನ ಯಾರು ನೋಡ್ತಾರ್ರಿ?”

“ನೋಡ್ದೆ ನಾನೇನು ಹೇಳ್ಲಿ? ಒಂದು ಕಡ್ಡಿ ತಗಂಡು ಕೆದಕಿ ನೋಡ್ಕಂಡು ಬಾ, ಹೋಗು.”

ಮೂಗಿಗೆ ಸೆರಗು ಹಿಡಿದು ಹೋದವಳು ಮುಖ ಹುಳ್ಳಗೆ ಮಾಡಿಕೊಂಡು ತಿರುಗಿ ಬಂದಳು. ಬರೀ ಕೂದಲಿನ ಉಂಡೆಯಂತೆ, ಹೆಬ್ಬೆರಳಿನಷ್ಟು ಉದ್ದ. ಬೆಕ್ಕು ಎಲ್ಲಿದೆ ಎಂದು ಕೇಳಿದೆ. ಅದು ಆಗಲೇ ಹಾಲಿನ ಗಡಿಗೆಯ ಸುತ್ತ ಸುತ್ತುತ್ತಿದೆಯಂತೆ. “ಹಂಗಾದ್ರೆ ಹೋಗಿ ತಲೆ ಬಾಚ್ಕ. ನಿನ್ ಬೆಕ್ಕಿಗೆ ಏನೂ ಆಗಿಲ್ಲ” ಎಂದೆ. ಅವಳು ಹೋದಳು.

ಹೊಳಲ್ಕೆರೆಯ ನಮ್ಮ ಬೀದಿಯಲ್ಲಿ ನನಗಿರುವ ಹೆಸರು ಇದು. ಒಬ್ಬಳಿಗೆ ಹೋಳಿಗೆಯ ಕಣಕ ನಾದುವುದರಲ್ಲಿ ಹೆಸರು, ಇನ್ನೊಬ್ಬಳಿಗೆ ಸೋಬಾನೆ ಪದದಲ್ಲಿ. ನನಗೆ ಶಿವ ಕೊಟ್ಟದ್ದು ಬೆಕ್ಕಿನ ವಾಂತಿ. ಮದುವೆಯಾಗಿ ಬಂದ ಹೊಸದರಲ್ಲಿ ಈ ವಿದ್ಯೆಯನ್ನು ಮುಚ್ಚಿಟ್ಟುಕೊಂಡಿದ್ದೆ. ಹೊಸ ಸೊಸೆ ಬಾಯಿಬಿಟ್ಟು ಹೇಳಿಕೊಳ್ಳುವಂಥ ವಿದ್ಯೆಯೇ ಅದು? ಆದರೆ ಒಂದು ದಿನ ಅತ್ತೆಯವರ ಬೆಕ್ಕು ಕಕ್ಕಿತು, ಮನೆಯವರೆಲ್ಲ ಸುತ್ತ ನಿಂತು ದೃಷ್ಟಿ ತಾಕಿದೆ ಎಂದು ಮೆಣಸಿನಕಾಯಿ ಉಪ್ಪು ತರಲು ಹೊರಟರು, ನನಗೆ ತಡೆಯಲಾಗಲಿಲ್ಲ. “ದೃಷ್ಟಿ ಅಲ್ಲ ಅತ್ತೆ, ಗರಿಕೆ” ಎಂದುಬಿಟ್ಟೆ. ಅಂದಿನಿಂದ ಯಾರ ಬೆಕ್ಕು ಕಕ್ಕಿದರೂ ನನಗೆ ಕರೆ ಬರುತ್ತದೆ.

ಕಲಿತದ್ದು ತವರಿನಲ್ಲಿ, ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ. ನಮ್ಮ ಮನೆಯಲ್ಲಿ ಹುಡುಗಿಯರಿಗೆ ಅವರವರ ಯೋಗ್ಯತೆ ನೋಡಿ ಕೈಕೆಲಸ ಹಂಚುತ್ತಿದ್ದರು. ಅಕ್ಕ ಚೆಂದವಾಗಿ ರಂಗೋಲಿ ಬಿಡುತ್ತಿದ್ದಳು, ಅವಳಿಗೆ ಅಂಗಳ ಸಿಕ್ಕಿತು. ನಾನು ಬಿಟ್ಟ ರಂಗೋಲಿಯನ್ನು ಅಪ್ಪ ಒಂದು ದಿನ ನಿಂತು ನೋಡಿ, ಯಾರ ಮನೆಯ ಕೋಳಿ ಕೆದಕಿ ಹೋಗಿದೆ ಎಂದು ಕೇಳಿದರು. ಹಾಗಾಗಿ ನನಗೆ ಬೆಕ್ಕು ಕಕ್ಕಿದ್ದನ್ನು ಬಳಿಯುವ ಕೆಲಸ ಬಂತು.

ಬೆಕ್ಕು ಕಕ್ಕುವ ಮುಂಚೆ ಹೇಳಿಯೇ ಕಕ್ಕುತ್ತದೆ. ಎಲ್ಲೋ ಮೂಲೆಯಲ್ಲಿ ಕುಕ್ಕರಿಸಿ, ಕತ್ತು ಮುಂದೆ ಚಾಚಿ, ಗಕ್ ಗಕ್ ಎಂದು ಪಕ್ಕೆ ಎಳೆಯುತ್ತದೆ. ಆ ಶಬ್ದ ಕೇಳಿದ ಕೂಡಲೆ ನಾನು ಒಲೆಯ ಬೂದಿ ಹಿಡಿದು ಓಡಬೇಕು. ಅಷ್ಟು ದೊಡ್ಡ ಮನೆಯ ನೆಲವನ್ನೆಲ್ಲ ಬಿಟ್ಟು ಅದಕ್ಕೆ ಮಡಿ ಸೀರೆಯೋ ಅಪ್ಪ ಕೂರುವ ಗಾದಿಯೋ ಬೇಕು. ಕಕ್ಕಿದ ಮೇಲೆ ಒಂದು ಸಲ ಮೂಸಿ, ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬ ಮುಖ ಮಾಡಿಕೊಂಡು ಎದ್ದು ಹೋಗುತ್ತದೆ. ಬೂದಿ ಸುರಿದು, ತೆಂಗಿನ ಚಿಪ್ಪಿನ ಚೂರಿನಿಂದ ಬಳಿದು, ಹಿತ್ತಲಿಗೆ ಎಸೆದು, ಸೆಗಣಿ ಸಾರಿಸುವುದು ನನ್ನ ಪಾಲು.

ಬಳಿಯುತ್ತ ಬಳಿಯುತ್ತ ನನಗೆ ಅದನ್ನು ಗುರುತಿಸುವ ಕಣ್ಣು ಬಂತು. ಬೇಸಿಗೆಯಲ್ಲಿ ಬೆಕ್ಕಿನ ಕೂದಲು ಉದುರುತ್ತದೆ, ಮೈ ನೆಕ್ಕಿ ನೆಕ್ಕಿ ಅದೆಲ್ಲ ಹೊಟ್ಟೆಗೆ ಹೋಗಿ ಉಂಡೆ ಕಟ್ಟಿ ಬರುತ್ತದೆ. ಬಂದರೆ ಒಳ್ಳೆಯದೇ. ಗರಿಕೆ ಮೇಯ್ದು ಬಂದರೆ ಬಿಳಿ ನೊರೆಯ ಜೊತೆ ಹುಲ್ಲಿನ ಎಸಳು. ಹೊಟ್ಟೆ ಸರಿಯಿಲ್ಲವೆಂದು ಬೆಕ್ಕು ತನಗೆ ತಾನೇ ಕೊಟ್ಟುಕೊಂಡ ಔಷಧ ಅದು. ಹಸಿದು ಗಬಗಬ ತಿಂದರೆ ತಿಂದದ್ದು ತಿಂದ ಹಾಗೇ ಹೊರಗೆ ಬರುತ್ತದೆ, ಅನ್ನ ಅನ್ನವಾಗಿಯೇ, ಮುದ್ದೆ ಮುದ್ದೆಯಾಗಿಯೇ. ಮದುವೆ ಮನೆಗಳಲ್ಲಿ ನಮ್ಮ ದೊಡ್ಡಪ್ಪನಿಗೂ ಹೀಗೇ ಆಗುತ್ತಿತ್ತು, ಯಾರೂ ಅದನ್ನು ಕಾಯಿಲೆ ಎನ್ನಲಿಲ್ಲ. ಇನ್ನು ಇಲಿ ತಿಂದ ವಾಂತಿ. ಬಾಲ, ಉಗುರು, ತೊಗಲಿನ ಚೂರು. ನಾನು ಹೇಳಹೊರಟಿರುವುದೆಲ್ಲ ಶುರುವಾದದ್ದು ಈ ಕೊನೆಯ ಜಾತಿಯ ವಾಂತಿಯಿಂದ.

ಇಲಿ ತಿನ್ನುವುದು ಬೆಕ್ಕಿನ ಧರ್ಮವೆಂದು ನೀವು ತಿಳಿದಿರಬಹುದು. ನಮ್ಮ ಅಜ್ಜಿ ಹಾಗೆ ತಿಳಿದಿರಲಿಲ್ಲ. ನಾವು ಲಿಂಗಾಯತರು, ಅಜ್ಜಿಯಂತೂ ಎಲ್ಲಿಂದಲೋ ಮೀನು ಹುರಿದ ವಾಸನೆ ಬಂದರೆ ಕಿಟಕಿ ಮುಚ್ಚಿಸುವವಳು. ತನ್ನ ಮನೆಯಲ್ಲಿ, ತಾನು ಹಾಲೆರೆದು ಸಾಕಿದ ಪ್ರಾಣಿ, ತನ್ನ ಕಣ್ಣೆದುರೇ ಜೀವ ತೆಗೆಯುವುದನ್ನು ಅವಳಿಂದ ಸಹಿಸಲಾಗುತ್ತಿರಲಿಲ್ಲ.

ಆದರೆ ಇಲಿ ಇಲ್ಲದೆ ಇರಲು ನಮ್ಮದು ಅಂಥ ಮನೆಯಲ್ಲ. ಅಪ್ಪನದು ಕಂಬಳಿ ವ್ಯಾಪಾರ. ಸುತ್ತಿನ ಹಟ್ಟಿಗಳ ಕುರುಬರು ನೇಯ್ದು ತಂದ ಕಂಬಳಿಗಳನ್ನು ಕೊಂಡು ಹೊಸದುರ್ಗದ ಸಂತೆಗೂ ದುರ್ಗದ ಅಂಗಡಿಗಳಿಗೂ ಕಳಿಸುತ್ತಿದ್ದರು. ನಡುಮನೆಯ ಒಂದು ಗೋಡೆಯುದ್ದಕ್ಕೂ ಕಂಬಳಿಯ ರಾಶಿ. ನೇಯುವ ಮುಂಚೆ ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ. ಹೊಸ ಕಂಬಳಿಗೆ ಆ ಗಂಜಿಯದೊಂದು ವಾಸನೆ, ಕುರಿಯದೊಂದು ವಾಸನೆ, ಮಳೆಗಾಲದಲ್ಲಿ ಎರಡೂ ಸೇರಿ ಹುಟ್ಟಿದ ಮೂರನೆಯದೊಂದು. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಕಣ್ಣು ಎಳೆಯುತ್ತದೆ, ಅಷ್ಟು ಮಧ್ಯಾಹ್ನಗಳು ಆ ರಾಶಿಯ ಮೇಲೆ ಮಲಗಿ ಕಳೆದಿದ್ದೇನೆ. ಗಂಜಿಯ ಆಸೆಗೆ ಇಲಿಗಳು ಬರುತ್ತಿದ್ದವು. ಹೀಗಾಗಿ ಅಪ್ಪ ಬೆಕ್ಕು ಸಾಕಿದ್ದು ಇಲಿ ಹಿಡಿಯಲಿ ಎಂದು, ಅಜ್ಜಿ ಸಾಕಿದ್ದು ಇಲಿ ಹಿಡಿಯದಿರಲಿ ಎಂದು. ಇಬ್ಬರ ನಡುವೆ ಬೆಕ್ಕು ತನಗೆ ತೋಚಿದಂತೆ ಬಾಳುತ್ತಿತ್ತು.

ಅದರ ಹೆಸರು ಈಬತ್ತಿ. ವಿಭೂತಿಗೆ ನಮ್ಮ ಕಡೆ ಆಡುಮಾತಿನಲ್ಲಿ ಹಾಗನ್ನುತ್ತಾರೆ. ಬೂದು ಬಣ್ಣದ ಪಟ್ಟೆ ಬೆಕ್ಕು, ಹಣೆಯ ಮೇಲೆ ಮೂರು ಗೆರೆ. ಪಟ್ಟೆ ಬೆಕ್ಕುಗಳಿಗೆಲ್ಲ ಅಂಥ ಗೆರೆಗಳಿರುತ್ತವೆ, ಅದೂ ನಾವು ಹಚ್ಚಿಕೊಳ್ಳುವಂತೆ ಅಡ್ಡಕ್ಕಲ್ಲ, ಉದ್ದಕ್ಕೆ. ಅಜ್ಜಿಗೆ ಮೂರು ಎಂಬುದಷ್ಟೇ ಕಂಡಿತು. “ಹುಟ್ತಾನೇ ಈಬತ್ತಿ ಹಚ್ಕಂಡು ಬಂದೈತೆ ಕಣ್ರೇ. ಹೋದ ಜನ್ಮದಾಗೆ ಯಾವ ಶರಣಮ್ಮನೋ ಏನೋ” ಎನ್ನುತ್ತಿದ್ದಳು. ತಾತ ತೀರಿಕೊಂಡ ಮೇಲೆ ಅಜ್ಜಿ ಮಾತನ್ನೇ ಬಿಟ್ಟಂತಿದ್ದಳಂತೆ. ಹಿತ್ತಲಲ್ಲಿ ಈ ಮರಿ ಸಿಕ್ಕಿದ ಮೇಲೆ ಮತ್ತೆ ಮಾತು ಶುರುವಾಯಿತೆಂದು ಅವ್ವ ಹೇಳುತ್ತಿದ್ದಳು. ಮನೆಯಲ್ಲಿ ಎಲ್ಲರಿಗೂ ಕೆಲಸ. ಅಜ್ಜಿಯ ಮಾತನ್ನು ಮೊದಲಿನಿಂದ ಕೊನೆಯವರೆಗೆ ಕೇಳುವಷ್ಟು ಪುರಸೊತ್ತು ಇದ್ದದ್ದು ಬೆಕ್ಕಿಗೆ ಮಾತ್ರ. 

ಈಬತ್ತಿ ಇಲಿ ತಿಂದು ಕಕ್ಕಿದ ದಿನ ಅಜ್ಜಿಗೆ ಸಂಭ್ರಮ. “ನೋಡಿದ್ಯಾ, ಪಾಪ ಹೊಟ್ಟೇಲಿ ನಿಲ್ಲಲಿಲ್ಲ. ಒಳಗೆ ನಾಚಿಕೆ ಐತೆ ಅದಕ್ಕೆ” ಎಂದು ನನಗೆ ತೋರಿಸುವಳು. “ಇಲಿ ಹಳೇದಿತ್ತೇನೋ ಕಣವ್ವ” ಎಂದು ಅಪ್ಪ ಕುಳಿತಲ್ಲಿಂದಲೇ ಹೇಳುವರು. ಅಜ್ಜಿ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ಶ್ರಾವಣ ಸೋಮವಾರ. ಅಜ್ಜಿಗೆ ಶ್ರಾವಣದ ಸೋಮವಾರಗಳೆಲ್ಲ ಉಪವಾಸ. ಉಪವಾಸದಲ್ಲಿ ಅವಳಷ್ಟು ಅನುಭವಸ್ಥರು ನಮ್ಮ ಸುತ್ತಿನಲ್ಲಿ ಇರಲಿಲ್ಲ. ಯಾವ ಉಪವಾಸಕ್ಕೆ ಬಾಳೆಹಣ್ಣು ನಡೆಯುತ್ತದೆ, ಯಾವುದಕ್ಕೆ ಹಾಲು ಮಾತ್ರ, ಯಾವ ಹೊತ್ತಿಗೆ ತಲೆ ಸುತ್ತುತ್ತದೆ, ಆಗ ಏನು ಮಾಡಬೇಕು ಎಂದು ಕೇಳಲು ಹೆಂಗಸರು ಅವಳ ಹತ್ತಿರ ಬರುತ್ತಿದ್ದರು. ಅಂಥ ದಿನ ಈಬತ್ತಿ ಒಂದು ಇಲಿಯನ್ನು ಕಚ್ಚಿಕೊಂಡು ಬಂದು ಸೀದಾ ದೇವರ ಕೋಣೆಯ ಮುಂದೆ ಕುಳಿತು ತಿಂದಿತು. ಅಜ್ಜಿಗೆ ರೇಗಿತು, ಅಳುವೂ ಬಂತು. ಬೆಕ್ಕನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಹಣೆಗೆ ವಿಭೂತಿ ಹಚ್ಚಿದಳು. “ಇವತ್ತೇ ಕಡೆ ಕಣೇ ತಾಯಿ. ಇನ್ಮ್ಯಾಲೆ ಜೀವ ತಿನ್ನಬ್ಯಾಡ. ಶಿವ ನೋಡ್ತಾ ಇರ್ತಾನೆ” ಎಂದು ಬುದ್ಧಿ ಹೇಳಿದಳು. ಈಬತ್ತಿ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡಿತು.

ಮರುದಿನ ಅದು ಕಕ್ಕಿತು. ಹಾಲಿಟ್ಟರೆ ಮೂಸಿ ಹಿಂದೆ ಸರಿಯಿತು. ಸಂಜೆ ಮತ್ತೆ ಕಕ್ಕಿತು. ಅದರ ಮರುದಿನವೂ ಹಾಗೇ. ಇಲಿ ಪಕ್ಕದಲ್ಲೇ ಓಡಿದರೂ ತಿರುಗಿ ನೋಡಲಿಲ್ಲ.

ಅಜ್ಜಿ ಹಾಲಿನ ಬಟ್ಟಲು ಹಿಡಿದು ನಿಂತವಳು ನಿಧಾನವಾಗಿ ನೆಲಕ್ಕೆ ಕುಳಿತಳು. ಅವಳ ಮುಖದಲ್ಲಿ ಬೆಳಕು ಬಂದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. “ಉಪವಾಸ ಹಿಡಿದೈತೆ” ಎಂದಳು. “ಪ್ರಾಯಶ್ಚಿತ್ತಕ್ಕೆ ಉಪವಾಸ ಹಿಡಿದೈತೆ ಕಣೇ ಗಂಗಿ. ಹೇಳಿದ ಮಾತು ತಿಳ್ಕಂಡೈತೆ.”

ಅವಳು ಸುಳ್ಳು ಹೇಳಲಿಲ್ಲ, ನಾಟಕ ಮಾಡಲಿಲ್ಲ. ಅಷ್ಟು ವರ್ಷ ಮಾತನಾಡಿದ್ದಕ್ಕೆ ಕಡೆಗೂ ಉತ್ತರ ಬಂತು ಎಂದು ಅವಳು ನಂಬಿದಳು. ನಂಬುವವರನ್ನು ಕಂಡರೆ ನಾನು ಇವತ್ತಿಗೂ ಬೇಗ ನಗುವುದಿಲ್ಲ.

ಹಿತ್ತಲ ಗೋಡೆಯಾಚೆಯ ಶಾಂತವ್ವನಿಗೆ ಅಜ್ಜಿ ಹೇಳಿದಳು. ಶಾಂತವ್ವನಿಗೆ ಹೇಳಿದ ಮೇಲೆ ಡಂಗುರ ಬೇಕಾಗಿರಲಿಲ್ಲ. ಮಾಂಸ ಬಿಟ್ಟ ಬೆಕ್ಕನ್ನು ನೋಡಲು ಹೆಂಗಸರು ಬರತೊಡಗಿದರು. ಒಬ್ಬಳು ಸೇವಂತಿಗೆ ತಂದಳು, ಒಬ್ಬಳು ಕೂಸನ್ನು ತಂದು ಬೆಕ್ಕಿನ ಮುಂದೆ ಅಡ್ಡ ಬೀಳಿಸಿದಳು. ಈಬತ್ತಿ ಕಂಬಳಿಯ ರಾಶಿಯ ಕೆಳಗಿನ ಸಂದಿಯಲ್ಲಿ ಬೆನ್ನು ಗೂನು ಮಾಡಿ, ಕಾಲುಗಳನ್ನು ಹೊಟ್ಟೆಯಡಿ ಮಡಿಸಿಕೊಂಡು ಕುಳಿತಿತ್ತು. “ತಪಸ್ಸಿಗೆ ಕುಂತಂಗೆ ಕುಂತೈತೆ ನೋಡ್ರಿ” ಎಂದು ಶಾಂತವ್ವ ಬಂದವರಿಗೆಲ್ಲ ತೋರಿಸಿದಳು. ಭಿಕ್ಷಕ್ಕೆ ಬಂದ ಅಯ್ಯನವರನ್ನೂ ಅಜ್ಜಿ ಒಳಗೆ ಕರೆದು ತೋರಿಸಿದಳು. ಅವರು ಬಗ್ಗಿ ನೋಡಿ “ಶಿವ ಶಿವ” ಎಂದರು. ಆ ಮಾತಿಗೆ ಯಾರು ಯಾವ ಅರ್ಥ ಬೇಕಾದರೂ ಮಾಡಿಕೊಳ್ಳಬಹುದು, ಅಜ್ಜಿ ತನಗೆ ಬೇಕಾದ್ದನ್ನು ಮಾಡಿಕೊಂಡಳು.

ನನಗೆ ಮಾತ್ರ ಒಂದು ತೊಂದರೆ ಇತ್ತು. ತಪಸ್ವಿ ಕಕ್ಕಿದ್ದನ್ನು ಬಳಿಯುವವಳು ನಾನು ತಾನೆ. ಪಾಪ ಹೊರಗೆ ಬರುತ್ತಿದೆ ಎಂದು ಅಜ್ಜಿ ಹೇಳಿದ್ದರಿಂದ ಅದರಲ್ಲಿ ಇಲಿಯ ಚೂರಾದರೂ ಇರಬೇಕೆಂದು ನಾನು ಹುಡುಕಿದೆ. ಕೂದಲಿಲ್ಲ, ಗರಿಕೆಯಿಲ್ಲ. ಹಳದಿ ನೀರು, ಸ್ವಲ್ಪ ನೊರೆ, ಅಷ್ಟೆ. ಅಂಥದ್ದನ್ನು ನಾನು ಅಷ್ಟರವರೆಗೆ ಬಳಿದಿರಲಿಲ್ಲ. ಚಿಪ್ಪಿನಲ್ಲಿ ತುಂಬಿಕೊಂಡು ಹೋಗಿ ತೋರಿಸಿದೆ.

“ಅಜ್ಜಿ, ಇದ್ರಾಗೆ ಪಾಪ ಇಲ್ಲ. ಬರೀ ಹಳದಿ ನೀರು.”

“ಎಸೆದು ಬಾ, ಅದನ್ನ್ಯಾಕೆ ಹಿಡ್ಕಂಡು ನಿಂತಿದ್ದೀಯ” ಎಂದಳು ಅಜ್ಜಿ. ಆದರೆ ಚಿಪ್ಪಿನೊಳಗೆ ಒಂದು ಸಲ ನೋಡಿದಳು.

ಅವ್ವ ಒಲೆಯ ಮುಂದಿನಿಂದ ಮೆಲ್ಲಗೆ ಹೇಳಿದಳು: “ಅತ್ತೆ, ಬೈಬ್ಯಾಡ್ರಿ. ಉಪವಾಸ ಇದ್ದೋರು ನೀರಾದ್ರೂ ಕುಡಿದು ದಕ್ಕಿಸ್ಕಂತಾರೆ. ಅದಕ್ಕೆ ನೀರೂ ದಕ್ತಿಲ್ಲ.”

ಅಜ್ಜಿ ಬಟ್ಟಲಿಗೆ ಹಾಲು ಹಾಕಿಕೊಂಡು, ಬಿಸಿ ಇದೆಯೇ ಎಂದು ಬೆರಳದ್ದಿ ನೋಡಿ, ಕಂಬಳಿಯ ರಾಶಿಯ ಹತ್ತಿರ ಹೋಗಿ ಕುಳಿತಳು. ಬಟ್ಟಲನ್ನು ಬೆಕ್ಕಿನ ಮೂಗಿನ ಹತ್ತಿರ ಇಟ್ಟಳು. ಅದು ಬಾಯಿ ಚಪ್ಪರಿಸಿತು, ಜೊಲ್ಲು ಇಳಿಯಿತು, ಮುಂಗಾಲಿನಿಂದ ಬಾಯಿಯನ್ನು ಒಂದೆರಡು ಸಲ ಒರೆಸಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟಿತು. ಅಜ್ಜಿ ಬಟ್ಟಲನ್ನು ಆ ಕಡೆ ಇಟ್ಟಳು. ಅದು ಈ ಕಡೆ ತಿರುಗಿತು. ಬಹಳ ಹೊತ್ತು ಅಜ್ಜಿ ಅದರ ಕಣ್ಣನ್ನೇ ನೋಡುತ್ತ ಕುಳಿತಿದ್ದಳು. ಶಾಂತವ್ವ ಮತ್ತಿಬ್ಬರನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತದ್ದೂ ಅವಳಿಗೆ ಗೊತ್ತಾಗಲಿಲ್ಲ.

“ಉಪವಾಸ ಅಲ್ಲ ಇದು” ಎಂದಳು ಕೊನೆಗೆ, ಯಾರಿಗೂ ಅಲ್ಲದಂತೆ. “ಉಪವಾಸ ಇದ್ದೋರ ಕಣ್ಣು ಅಡಿಗೆ ಮನೆ ಕಡೆ ಇರ್ತೈತೆ. ಎಷ್ಟು ಭಕ್ತಿ ಇದ್ರೂ ಕಣ್ಣು ಅಲ್ಲಿಗೇ ಹೋಗ್ತೈತೆ. ನಂಗೊತ್ತು. ಇದರ ಕಣ್ಣು ಅನ್ನ ಕಂಡ್ರೆ ದೂರ ಓಡ್ತೈತೆ. ಇದಕ್ಕೆ ಏನೋ ಆಗೈತೆ.”

“ಅಯ್ಯೋ, ಹಂಗನ್ಬ್ಯಾಡ್ರಿ ಅಜ್ಜಿ” ಎಂದಳು ಶಾಂತವ್ವ. “ಊರೆಲ್ಲ ನಂಬ್ಕಂಡೈತೆ.”

ಅಜ್ಜಿ ಅವಳ ಕಡೆ ನೋಡಿದಳು. ಆ ನೋಟದಲ್ಲಿ ಅಂಜಿಕೆ ಇತ್ತು. ಊರು ಅವಳ ಮನೆಗೆ ಹೂವು ತಂದಿತ್ತು, ಅಡ್ಡ ಬಿದ್ದಿತ್ತು. ತಾತ ಹೋದ ಮೇಲೆ ಅವಳನ್ನು ಹುಡುಕಿಕೊಂಡು ಅಷ್ಟು ಜನ ಬಂದದ್ದು ಅದೇ ಮೊದಲು. ಒಂದು ಮಾತು ಆಡದೆ ಸುಮ್ಮನಿದ್ದರೆ ಬೆಕ್ಕು ಸತ್ತು ಶರಣೆಯಾಗುತ್ತಿತ್ತು, ಅಜ್ಜಿಗೂ ಒಂದು ಹೆಸರು ಉಳಿಯುತ್ತಿತ್ತು.

“ಗಂಗಿ, ಆ ಬಿದಿರು ಪುಟ್ಟಿ ತಗಂಬಾ” ಎಂದಳು.

ಆ ವಾರ ಊರ ಹೊರಗಿನ ಹುಣಸೆ ತೋಪಿನಲ್ಲಿ ದನದ ಡಾಕ್ಟರು ಬಿಡಾರ ಹೂಡಿದ್ದರು. ಮಳೆಗಾಲದಲ್ಲಿ ದನಗಳಿಗೆ ಚಪ್ಪೆ ಬೇನೆ ಬರುತ್ತದೆಂದು ಸರ್ಕಾರದಿಂದ ಕಳಿಸಿದ್ದರು. ಮತ್ತೋಡಿನ ಗಂಡಸರೆಲ್ಲ ಎತ್ತು ಹಸು ಹಿಡಿದುಕೊಂಡು ಅಲ್ಲಿದ್ದರು. ಅಜ್ಜಿ ಪುಟ್ಟಿಯೊಳಗೆ ಹಳೆಯ ಸೀರೆ ಹಾಸಿ ಈಬತ್ತಿಯನ್ನು ಮಲಗಿಸಿ, ಮೇಲೊಂದು ಮೊರ ಮುಚ್ಚಿ, ಸೊಂಟಕ್ಕಿಟ್ಟುಕೊಂಡು ಹೊರಟಳು. ನಾನು ಅವಳ ಸೆರಗು ಹಿಡಿದಿದ್ದೆ. ಪುಟ್ಟಿಯನ್ನು ಸೆರಗಿನಿಂದ ಮರೆ ಮಾಡಿಕೊಂಡು ಹಿತ್ತಲ ದಾರಿಯಲ್ಲಿ ಹೋಗಬಹುದಿತ್ತು. ಅವಳು ಬೀದಿಯಲ್ಲೇ ಹೋದಳು, ಆ ದಾರಿ ಹತ್ತಿರ ಎಂದು.

ತೋಪಿನಲ್ಲಿ ದೊಡ್ಡ ಎತ್ತುಗಳ ಸಾಲಿನ ಹಿಂದೆ ನಾವಿಬ್ಬರು ಪುಟ್ಟಿ ಹಿಡಿದು ನಿಂತೆವು. ಮೊದಲು ನೋಡಿದವನು ನಮಗೆ ಕಂಬಳಿ ತರುತ್ತಿದ್ದ ಕುರುಬರ ಮಾಳಪ್ಪ. “ಏನು ಅಮ್ಮಾರೆ, ನೀವು ಇಲ್ಲಿ? ಪುಟ್ಟ್ಯಾಗೆ ಏನೈತೆ?” ಎಂದ. ಅಜ್ಜಿ ಮೊರ ಸರಿಸಿದಳು. ಅವನು ನೋಡಿ, “ಏ, ದಾರಿ ಬಿಡ್ರಲೇ” ಎಂದು ಮುಂದಿನವರನ್ನು ಸರಿಸಿದ. ಹೀಗೆ ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ, ಉಪವಾಸದ ಬೆಕ್ಕು ದನದ ಡಾಕ್ಟರ ಹತ್ತಿರ ಬಂದಿದೆಯೆಂದು ತೋಪೆಲ್ಲ ತಿರುಗಿ ನೋಡಿತು.

ಡಾಕ್ಟರು ಮೈಸೂರಿನ ಕಡೆಯವರು, ಬಿಸಿಲಿಗೆ ಕೆಂಪಾಗಿದ್ದರು. ಪುಟ್ಟಿಯೊಳಗೆ ನೋಡಿ ನಕ್ಕರು. “ಅಮ್ಮಾ, ನಾನು ಓದಿರೋದು ದನ ಕುದುರೆ. ಬೆಕ್ಕು ಕಚ್ಚುತ್ತೆ ಅನ್ನೋದೊಂದು ಬಿಟ್ಟರೆ ನನಗೆ ಹೆಚ್ಚು ಗೊತ್ತಿಲ್ಲ” ಎಂದರು. ಆದರೂ ಮಂಡಿಯೂರಿ ಕುಳಿತರು. ಬೆಕ್ಕಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿದಾಗ ಅದು ಕೂಗಿತು. ಏನು ಕಕ್ಕುತ್ತದೆ ಎಂದು ಕೇಳಿದರು. ಅಜ್ಜಿ ನನ್ನ ಕಡೆ ನೋಡಿದಳು, ನಾನು ಹಳದಿ ನೀರಿನ ವಿಷಯ ಹೇಳಿದೆ. ಬಾಯಿಯನ್ನು ಕಾಲಿನಿಂದ ಒರೆಸಿಕೊಳ್ಳುತ್ತದೆ ಎಂದು ಅಜ್ಜಿ ಹೇಳಿದಳು. ಡಾಕ್ಟರು ಮಾಳಪ್ಪನಿಗೆ ಬೆಕ್ಕನ್ನು ಹಿಡಿಯಲು ಹೇಳಿ, ಬಾಯಿ ತೆರೆಸಿ, ಬೆರಳಿನಿಂದ ನಾಲಗೆಯನ್ನು ಮೇಲಕ್ಕೆತ್ತಿದರು.

ನಾಲಗೆಯ ಬುಡಕ್ಕೆ ಸುತ್ತಿಕೊಂಡು ಕಪ್ಪು ಉಣ್ಣೆಯ ಎಳೆಯೊಂದು ಗಂಟಲಿನೊಳಗೆ ಇಳಿದಿತ್ತು. ನಮ್ಮ ನಡುಮನೆಯ ಯಾವುದೋ ಕಂಬಳಿಯ ಅಂಚಿನದು. ಗಂಜಿಯ ರುಚಿಗೆ ಅಗಿದದ್ದು ಒಳಗೆ ಹೋಗಿಬಿಟ್ಟಿತ್ತು.

“ಎಳೆ ಸಿಕ್ತು!” ಎಂದ ಮಾಳಪ್ಪ, ಅವನ ಕೈ ಆಗಲೇ ಅದಕ್ಕೆ ಹೋಗಿತ್ತು. ಹುಟ್ಟಿದಾರಭ್ಯ ನೂಲು ಹಿಡಿದ ಕೈ, ತುದಿ ಕಂಡರೆ ಎಳೆಯದೆ ಇರುತ್ತದೆಯೇ? ಡಾಕ್ಟರು ಆ ಕೈಯ ಮೇಲೆ ಪಟ್ಟನೆ ಹೊಡೆದರು.

“ಎಳೀಬೇಡ! ಎಳೆದರೆ ಕರುಳು ಕೊಯ್ದು ಹೋಗುತ್ತೆ.” ಆಮೇಲೆ ಅಜ್ಜಿಯ ಸೊಂಟದಲ್ಲಿದ್ದ ಎಲೆಯಡಿಕೆಯ ಸಂಚಿಯನ್ನು ತೋರಿಸಿದರು. “ಅಮ್ಮಾ, ಇದರ ದಾರ ಎಳೆದರೆ ಸಂಚಿ ನೆರಿಗೆ ನೆರಿಗೆಯಾಗಿ ಮುಚ್ಚಿಕೊಳ್ಳುತ್ತಲ್ಲ, ಒಳಗೆ ಕರುಳು ಹಾಗಾಗಿದೆ. ಮೇಲೊಂದು ತುದಿ ಸಿಕ್ಕಿಕೊಂಡಿದೆ, ಕೆಳಗಿನ ತುದಿಯನ್ನು ಕರುಳು ಎಳೀತಾ ಇದೆ.” ಸಣ್ಣ ಕತ್ತರಿಯಿಂದ ನಾಲಗೆಯ ಕೆಳಗೆ ಎಳೆಯನ್ನು ಕತ್ತರಿಸಿ ಬಿಡಿಸಿದರು. “ಇನ್ನು ತಾನಾಗೇ ಕೆಳಗೆ ಹೋಗಬೇಕು. ಹೋದರೆ ಬದುಕುತ್ತೆ. ಹೋಗದೆ ಇದ್ದರೆ ಹೊಟ್ಟೆ ಕೊಯ್ದು ತೆಗೆಯೋದು ಈ ತೋಪಿನಲ್ಲಿ ನನ್ನ ಕೈಲಾಗಲ್ಲ. ಇಷ್ಟು ದಿನ ಯಾಕಮ್ಮ ಸುಮ್ಮನಿದ್ದಿರಿ?”

ಸುತ್ತ ಗಂಡಸರು ನಿಂತಿದ್ದರು. ಅವರ ಹೆಂಡತಿಯರು ತಂದ ಸೇವಂತಿಗೆ ಇನ್ನೂ ನಮ್ಮ ಮನೆಯಲ್ಲಿ ಬಾಡಿರಲಿಲ್ಲ. ಇವತ್ತೇ ಕಾಯಿಲೆ ಬಿತ್ತು, ಕಂಡ ಕೂಡಲೆ ತಂದೆ ಎಂದು ಅಜ್ಜಿ ಹೇಳಿಬಿಡಬಹುದಿತ್ತು.

“ಉಪವಾಸ ಮಾಡ್ತೈತೆ ಅಂದ್ಕಂಡಿದ್ದೆ ಸಾಮಿ” ಎಂದಳು. “ಊರೋರಿಗೂ ಹಂಗೇ ಹೇಳ್ದೆ. ಕೈ ಮುಗಿಸ್ದೆ. ಅದು ನೋವಿಗೆ ಕಕ್ತಿತ್ತು, ನಾನು ಪುಣ್ಯ ಅಂತ ಹೂವು ಏರಿಸ್ತಿದ್ದೆ.”

ಹಿಂದೆ ಯಾರೋ ಕಿಸಕ್ಕೆಂದರು. ಮಾಳಪ್ಪ ತಿರುಗಿ ನೋಡಿದ ಮೇಲೆ ಆ ಸದ್ದು ನಿಂತಿತು. ಡಾಕ್ಟರ ಮುಖದ ನಗೆಯೂ ಹೋಗಿತ್ತು. “ದನ ಮೇವು ಬಿಟ್ಟರೆ ಊರಿಗೆ ಊರೇ ನನ್ನ ಹತ್ತಿರ ಓಡಿಬರುತ್ತೆ. ಬೆಕ್ಕು ಅನ್ನ ಬಿಟ್ಟರೆ ಯಾರು ಬರ್ತಾರೆ? ನೀವು ಬಂದಿರಲ್ಲ” ಎಂದರು. ಬೆಕ್ಕು ಒಂದು ಸಲ ಕಕ್ಕಿ ಓಡಾಡಿಕೊಂಡಿದ್ದರೆ ಬಿಟ್ಟುಬಿಡಬೇಕಂತೆ. ಮೇಲಿಂದ ಮೇಲೆ ಕಕ್ಕಿದರೆ, ನೀರೂ ನಿಲ್ಲದಿದ್ದರೆ, ರಕ್ತ ಕಂಡರೆ, ತಿನ್ನುವುದು ಬಿಟ್ಟು ಮೂಲೆ ಸೇರಿದರೆ, ಕಾಯಬಾರದಂತೆ. ದಾರ ಕಂಡರೆ, ಬಾಯಲ್ಲಾಗಲಿ ಹಿಂದಾಗಲಿ, ಎಳೆಯಬಾರದಂತೆ. ಇಷ್ಟು ಹೇಳಿ ಅವರು ಎತ್ತುಗಳ ಕಡೆ ಹೋದರು. ನಾನು ಹೊಳಲ್ಕೆರೆಯಲ್ಲಿ ಪಂಡಿತಳಂತೆ ಹೇಳುವುದೆಲ್ಲ ಅವರ ಈ ನಾಲ್ಕು ಮಾತು. ಜೊತೆಗೆ ದುರ್ಗಕ್ಕೆ ಈಗ ರೈಲಿದೆ, ದನದ ಆಸ್ಪತ್ರೆಗೆ ಪುಟ್ಟಿ ಹಿಡಿದುಕೊಂಡು ಹೋಗಲು ನಾಚಬೇಡಿ ಎಂದು ಸೇರಿಸುತ್ತೇನೆ.

ಮನೆಗೆ ಬಂದ ಮೇಲಿನ ದಿನಗಳು ಕಷ್ಟದವು. ಅಜ್ಜಿ ಅರಳೆಯಲ್ಲಿ ತಿಳಿ ನೀರು ಅದ್ದಿ ಬೆಕ್ಕಿನ ತುಟಿಗೆ ಒತ್ತುತ್ತಿದ್ದಳು. ಒಂದು ಸಲ ಅದೂ ಹೊರಗೆ ಬಂತು, ಆಮೇಲೆ ನಿಂತಿತು. ಅಜ್ಜಿ ಮೊದಲಿನಂತೆ ಅದರ ಜೊತೆ ಮಾತಾಡಲಿಲ್ಲ. ಬಾಗಿಲಿಗೆ ಹೂವು ಹಿಡಿದು ಬಂದವರಿಗೆ ಅವಳು ಎದ್ದು ಹೋಗಿ ಹೇಳಿ ಕಳಿಸುತ್ತಿದ್ದಳು: “ಬೆಕ್ಕಿಗೆ ವ್ರತ ಎಲ್ಲಿಂದ ಬಂತವ್ವ? ಕಾಯಿಲೆ ಬಿದ್ದೈತೆ. ಹೂವು ನಿಮ್ಮ ದೇವ್ರಿಗೆ ಏರಿಸ್ರಿ.” ಒಬ್ಬೊಬ್ಬರಿಗೂ ಅದನ್ನೇ ಹೇಳಬೇಕಾಗಿತ್ತು, ಹೇಳಿದಾಗಲೆಲ್ಲ ಅವಳ ಮುಖ ಒಂದಿಷ್ಟು ಸಣ್ಣಗಾಗುತ್ತಿತ್ತು. ಅಪ್ಪ ಆ ದಿನಗಳಲ್ಲಿ ಒಂದು ತಮಾಷೆಯನ್ನೂ ಮಾಡಲಿಲ್ಲ. ಒಂದು ಸಂಜೆ ಯಾರಿಗೂ ಹೇಳದೆ ಕಂಬಳಿಗಳ ಅಂಚಿನಲ್ಲಿ ನೇತಾಡುವ ಎಳೆಗಳನ್ನೆಲ್ಲ ಕುಳಿತು ಕತ್ತರಿಸಿದರು.

ಕಡೆಗೆ ಒಂದು ಬೆಳಗ್ಗೆ ಹಿತ್ತಲಿನಲ್ಲಿ ಈಬತ್ತಿ ಮಣ್ಣು ಕೆದಕಿ ಮುಚ್ಚಿ ಹೋದ ಜಾಗವನ್ನು ನಾನು ಕಡ್ಡಿಯಿಂದ ಬಿಡಿಸಿ ನೋಡಿದೆ. ಆ ಕೆಲಸಕ್ಕೆ ನನ್ನನ್ನು ಯಾರೂ ನೇಮಿಸಿರಲಿಲ್ಲ, ಆದರೆ ಬೇರೆ ಯಾರು ಮಾಡುತ್ತಾರೆ? ಕಪ್ಪು ಎಳೆ ಉದ್ದಕ್ಕೆ ಸುರುಳಿ ಸುರುಳಿಯಾಗಿ ಬಿದ್ದಿತ್ತು. “ಬಂತು! ಬಂತು!” ಎಂದು ನಾನು ಕೂಗಿದ ಕೂಗಿಗೆ ಅವ್ವ ಹಿಟ್ಟಿನ ಕೈಯಲ್ಲೇ ಬಂದಳು, ಅಪ್ಪ ವ್ಯಾಪಾರ ಬಿಟ್ಟು ಬಂದರು, ಅಕ್ಕ ಮೂಗು ಮುಚ್ಚಿಕೊಂಡು ಬಂದಳು. ಮನೆಮಂದಿಯೆಲ್ಲ ಬೆಕ್ಕಿನ ಹೇಲಿನ ಸುತ್ತ ನಿಂತು ಹಿರಿಹಿರಿ ಹಿಗ್ಗಿದ್ದನ್ನು ನೋಡಿ ಗೋಡೆಯಾಚೆಯ ಶಾಂತವ್ವ ಏನೆಂದುಕೊಂಡಳೋ ಗೊತ್ತಿಲ್ಲ. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು ಅತ್ತಳು.

ಆಮೇಲೆ ಈಬತ್ತಿ ದಿನದಿನಕ್ಕೆ ಚೇತರಿಸಿಕೊಂಡಿತು. ಮೊದಲು ಗಂಜಿ, ಆಮೇಲೆ ಹಾಲು ಅನ್ನ. ಮೈ ನೆಕ್ಕಿಕೊಳ್ಳತೊಡಗಿತು, ಅಟ್ಟ ಹತ್ತತೊಡಗಿತು. ಆದರೂ ಪಕ್ಕೆ ಎಲುಬು ಕಾಣುತ್ತಿತ್ತು, ಹಾಲು ಅನ್ನದಿಂದ ಅದು ತುಂಬುವಂತಿರಲಿಲ್ಲ. ಅಜ್ಜಿ ದಿನವೂ ಅದರ ಪಕ್ಕೆ ಸವರಿ ನೋಡುತ್ತಿದ್ದಳು.

ಶ್ರಾವಣ ಇನ್ನೂ ಮುಗಿದಿರಲಿಲ್ಲ. ಸೋಮವಾರ ಬೆಳಗ್ಗೆ ಅಜ್ಜಿ ಮಿಂದು, ಎಡಗೈಯಲ್ಲಿ ಲಿಂಗ ಹಿಡಿದು, ಕಣ್ಣು ಮುಚ್ಚಿ ಪೂಜೆಗೆ ಕುಳಿತಿದ್ದಳು. ನಾನು ಪಕ್ಕದಲ್ಲಿ ಪತ್ರೆ ಬಿಡಿಸುತ್ತಿದ್ದೆ. ಬಾಗಿಲಾಚೆ ಧಪ್ ಎಂದಿತು. ಅಟ್ಟದಿಂದ ಹಾರಿದ ಈಬತ್ತಿ ಬಾಯಲ್ಲೊಂದು ಇಲಿ ಹಿಡಿದು ಹೊಸ್ತಿಲ ಆಚೆ ಕುಳಿತುಕೊಂಡಿತು. ಕಟಕಟ ಎಂದು ಎಲುಬು ಕಡಿಯುವ ಸದ್ದು ದೇವರ ಕೋಣೆಯೊಳಗೆಲ್ಲ ಕೇಳಿಸಿತು. ನಾನು ಗಾಬರಿಯಿಂದ ಅದನ್ನು ಓಡಿಸಲು ಎದ್ದೆ.

ಅಜ್ಜಿಯ ಬಲಗೈ ನನ್ನ ಲಂಗ ಹಿಡಿದು ಕೂರಿಸಿತು. ಕಣ್ಣು ತೆರೆಯಲಿಲ್ಲ.

“ಸುಮ್ಕಿರು” ಎಂದಳು ಮೆಲ್ಲಗೆ. “ಅದು ಉಣ್ತೈತೆ.”